ಎದ್ದು ಬೀಳುವ ಗಣಕಯಂತ್ರ

೨೦೨೪ನೆಯ ಇಸವಿ ಜುಲೈ ೧೯, ಶುಕ್ರವಾರ. ಬೆಳಗಿನ ಒಂಬತ್ತೂವರೆ ದಾಟಿದ್ದಿತು. ವೈಟ್‌ಫೀಲ್ಡಿನ ಗಾಜಿನ ಸೌಧಗಳಲ್ಲಿ, ಕೋನಪ್ಪನ ಅಗ್ರಹಾರದ ಹೊಲಗಳ ಮೇಲೆ ತಲೆಯೆತ್ತಿದ ಎಲೆಕ್ಟ್ರಾನಿಕ್ ಸಿಟಿಯಲ್ಲಿ ದಿನದ ಕೆಲಸ ಆಗತಾನೆ ಮೊದಲಾಗುವ ಹೊತ್ತು. ಇದ್ದಕ್ಕಿದ್ದಂತೆ ಬೆಂಗಳೂರಿನ ಅನೇಕ ಕಚೇರಿಗಳಲ್ಲಿ ಗಣಕಯಂತ್ರಗಳ ತೆರೆ ನೀಲಿಯಾಯಿತು. ಯಂತ್ರ ತಾನೇ ಆರಿತು, ತಾನೇ ಹೊತ್ತಿತು. ವಿಂಡೋಸಿನ ಲಾಂಛನ ಕ್ಷಣಕಾಲ ಮೂಡಿತು. ಮತ್ತೆ ನೀಲಿ, ಮತ್ತೆ ಕತ್ತಲೆ. ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ ಕೆಲವು ವಿಮಾನ ಕಂಪನಿಗಳ ಸಿಬ್ಬಂದಿ ಪ್ರಯಾಣಿಕರ ಚೆಕ್-ಇನ್ ಕೆಲಸವನ್ನು ಕೈಯಿಂದಲೇ ನಡೆಸಬೇಕಾಯಿತು. ಜಗತ್ತಿನಲ್ಲಿ ಒಟ್ಟು ಸುಮಾರು ೮೫ ಲಕ್ಷ ಯಂತ್ರಗಳು ಈ ಬೇನೆಗೆ ತುತ್ತಾದುವೆಂದು ಮೈಕ್ರೋಸಾಫ್ಟ್ ಅಂದಾಜು ಮಾಡಿತು.

ಕಾರಣವನ್ನು ಶೋಧಿಸಿದವರಿಗೆ ಬೆರಗು ಕಾದಿದ್ದಿತು. ಯಂತ್ರಗಳ ಯಾವ ಭಾಗವೂ ಕೆಟ್ಟಿರಲಿಲ್ಲ, ಶತ್ರುಗಳಾರೂ ಒಳನುಗ್ಗಿರಲಿಲ್ಲ. ತಪ್ಪಿದ್ದವನು ಕಾವಲುಗಾರನೇ! ಕ್ರೌಡ್‌ಸ್ಟ್ರೈಕ್ ಎಂಬ ಅಮೆರಿಕದ ಸಂಸ್ಥೆಯ ರಕ್ಷಣಾ ತಂತ್ರಾಂಶಕ್ಕೆ ಅಂದು ನಮ್ಮ ಗಡಿಯಾರದ ೯-೩೯ಕ್ಕೆ ಹೊಸ ಕಡತವೊಂದು ಬಂದು ಸೇರಿತು. ಅದು ಕೇಳುತ್ತಿದ್ದುದು ೨೧ ಅಂಶಗಳನ್ನು. ತಂತ್ರಾಂಶ ಒದಗಿಸುತ್ತಿದ್ದುದು ೨೦ನ್ನು ಮಾತ್ರ. ಇಲ್ಲದ ಇಪ್ಪತ್ತೊಂದನೆಯದನ್ನು ಅರಸುತ್ತ ಅದು ಸ್ಮರಣಕೋಶದಲ್ಲಿ ತನಗೆ ಸಲ್ಲದ ಜಾಗಕ್ಕೆ ಕೈಯಿಟ್ಟಿತು. ಈ ಕಾವಲುಗಾರನ ಠಾವು ಹೆಬ್ಬಾಗಿಲಲ್ಲ, ಗರ್ಭಗುಡಿ. ಅವನು ಎಡವಿದರೆ ಇಡೀ ವ್ಯವಸ್ಥೆಯೇ ನಿಲ್ಲಬೇಕು. ಯಂತ್ರ ಏಳುವಾಗ ಮೊದಲು ಏಳುವವರಲ್ಲಿ ಅವನೂ ಒಬ್ಬ. ಆದುದರಿಂದ ಎದ್ದಾಗಲೆಲ್ಲ ಬೀಳು!

೧೦-೫೭ಕ್ಕೆ ಸಂಸ್ಥೆಯು ತಪ್ಪು ಕಡತವನ್ನು ಹಿಂದೆಗೆದುಕೊಂಡಿತು. ಆದರೆ ಆಗಲೇ ಬಿದ್ದಿದ್ದ ಯಂತ್ರಗಳಲ್ಲಿ ಹಲವು, ತಿದ್ದುಪಡಿಯನ್ನು ಪಡೆಯುವಷ್ಟು ಹೊತ್ತು ಎದ್ದು ನಿಲ್ಲಲಾರದೆ ಹೋದುವು. ತಂತ್ರಜ್ಞರು ಒಂದೊಂದೇ ಯಂತ್ರದ ಬಳಿಗೆ ಹೋಗಿ, ಅದನ್ನು ಸೇಫ್ ಮೋಡಿನಲ್ಲಿ ಎಬ್ಬಿಸಿ, ‘ಸಿ-೦೦೦೦೦೨೯೧’ ಎಂದು ಮೊದಲಾಗುವ ಹೆಸರಿನ ಕಡತವನ್ನು ಅಳಿಸಬೇಕಾಯಿತು. ಬಿಟ್‌ಲಾಕರ್ ಎಂಬ ಬೀಗ ಹಾಕಿದ್ದ ಯಂತ್ರಗಳು ಇನ್ನೂ ಒಂದನ್ನು ಕೇಳಿದುವು: ೪೮ ಅಂಕೆಗಳ ಕೀಲಿ ಸಂಖ್ಯೆ. ಅದನ್ನು ಬರೆದಿಟ್ಟುಕೊಂಡವರು ಗೆದ್ದರು. ಅದನ್ನೂ ಬಿದ್ದ ಯಂತ್ರದೊಳಗೇ ಇಟ್ಟವರು ಬಾವಿಯೊಳಗೆ ಹಗ್ಗ ಬಿಟ್ಟವರಂತಾದರು.

ಬಿದ್ದುದು ಯಾವ ಮೆಟ್ಟಿಲಲ್ಲಿ?

ಅಂದಿನ ರೋಗ ಎಲ್ಲರಿಗೂ ಒಂದೇ ಆಗಿದ್ದಿತು. ಉಳಿದ ದಿನಗಳಲ್ಲಿ ಹಾಗಲ್ಲ. ಪೀಣ್ಯದ ಚಿಕ್ಕ ಕಾರ್ಖಾನೆಯೊಂದನ್ನು ಕಲ್ಪಿಸಿಕೊಳ್ಳಿ. ಲೇತುಗಳ ಸದ್ದಿನ ನಡುವೆ, ಮೂಲೆಯ ಮೇಜಿನ ಮೇಲೆ ಡೆಸ್ಕ್‌ಟಾಪ್. ಬಿಲ್ಲುಗಳು, ತೆರಿಗೆಯ ಲೆಕ್ಕ, ಗಿರಾಕಿಗಳು ಕೊಟ್ಟ ಬಿಡಿಭಾಗಗಳ ನಕ್ಷೆ, ಎಲ್ಲವೂ ಅದರ ಹೊಟ್ಟೆಯಲ್ಲಿ. ಒಂದು ಮುಂಜಾನೆ ಅದು ಎದ್ದು ಬೀಳತೊಡಗುತ್ತದೆ. ‘ಫಾರ್ಮ್ಯಾಟ್ ಮಾಡಿಬಿಡೋಣ’ ಎನ್ನುವವನೊಬ್ಬ ಎಲ್ಲೆಡೆಯೂ ಇರುತ್ತಾನೆ. ಅವನ ಕೈಯನ್ನು ಆಗಲೇ ಹಿಡಿಯಬೇಕು. ರೋಗ ವಿದ್ಯುತ್ತಿನದಾದರೆ, ಡಿಸ್ಕನ್ನು ಒರಸಿದ ಮೇಲೂ ಯಂತ್ರ ಬೀಳುತ್ತಲೇ ಇರುತ್ತದೆ. ನಕ್ಷೆಗಳು ಮಾತ್ರ ಹೋಗಿರುತ್ತವೆ.

ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: ಯಂತ್ರ ಬೀಳುವುದು ಯಾವ ಮೆಟ್ಟಿಲಲ್ಲಿ?

ತೆರೆಯ ಮೇಲೆ ಒಂದಕ್ಷರವೂ ಮೂಡುವ ಮುನ್ನವೇ ಬಿದ್ದರೆ, ವಿಂಡೋಸನ್ನು ದೂರಿ ಫಲವಿಲ್ಲ. ಅದಿನ್ನೂ ರಂಗಕ್ಕೇ ಬಂದಿಲ್ಲ. ಯಂತ್ರದೊಳಗಿನ ಎಸ್‌ಎಂಪಿಎಸ್ ಪೆಟ್ಟಿಗೆ ೨೩೦ ವೋಲ್ಟಿನ ವಿದ್ಯುತ್ತನ್ನು ೧೨, ೫ ಮತ್ತು ೩.೩ ವೋಲ್ಟುಗಳಾಗಿ ಇಳಿಸುತ್ತದೆ. ಇವು ಸ್ಥಿರವಾದ ಮೇಲೆ ‘ಎಲ್ಲ ಸರಿಯಾಗಿದೆ’ ಎಂಬ ಸಂಕೇತವನ್ನು ಕಳುಹಿಸುತ್ತದೆ. ಅದು ಬಾರದೆ ಯಂತ್ರದ ಮಿದುಳು ಹೆಜ್ಜೆಯಿಡದು. ೧೨ ವೋಲ್ಟಿನ ತಂತಿಯಲ್ಲಿ ೧೧.೪ಕ್ಕಿಂತ ಕಡಿಮೆಯಾದರೆ ಅಪಾಯ. ಸಂಕೇತ ಹಿಂದೆ ಸರಿದರೆ ಯಂತ್ರ ಪುನಃ ಮೊದಲಿನಿಂದ! ಅದೇ ಸಾಲಿನಲ್ಲಿ ದೊಡ್ಡ ಮೋಟಾರು ಹೊರಟಾಗಲೆಲ್ಲ ಹೀಗಾಗುವುದಾದರೆ, ತಪ್ಪು ಯಂತ್ರದ್ದಲ್ಲ, ಸಾಲಿನದು. ಬೇರೆ ಪ್ಲಗ್ಗಿಗೆ ಹಾಕಿ ನೋಡಬೇಕು. ಒಳಗೇ ಸಿಕ್ಕಿಕೊಂಡ ರೀಸೆಟ್ ಗುಂಡಿಯೂ ಇದೇ ಆಟವನ್ನಾಡುವುದುಂಟು. ಪ್ಲಗ್ಗನ್ನು ಕಿತ್ತು, ಸ್ಮರಣಪಟ್ಟಿಗಳನ್ನು ತೆಗೆದು ಒಂದೊಂದಾಗಿ ಮರಳಿ ಕೂರಿಸಿ ಪರೀಕ್ಷಿಸಬೇಕು. ಮುಖ್ಯ ಫಲಕದ ಮೇಲಿನ ಚಿಕ್ಕ ಉರುಳೆಗಳಂಥ ಕೆಪಾಸಿಟರುಗಳ ತಲೆ ಚಪ್ಪಟೆಯಾಗಿರಬೇಕು. ಉಬ್ಬಿದ್ದರೆ ಅವುಗಳ ಆಯುಸ್ಸು ಮುಗಿದಿದೆ. ಎಸ್‌ಎಂಪಿಎಸ್ ಪೆಟ್ಟಿಗೆಯನ್ನು ಮಾತ್ರ ಯಾರೂ ಬಿಚ್ಚಬಾರದು. ಪ್ಲಗ್ಗು ಕಿತ್ತ ಮೇಲೂ ಅದರೊಳಗೆ ವಿದ್ಯುತ್ತು ಹೊಂಚುಹಾಕಿ ಕುಳಿತಿರುತ್ತದೆ.

ಕೆಲವು ನಿಮಿಷ ನಡೆದು ಬಿದ್ದರೆ ಕಾವನ್ನು ಶಂಕಿಸಬೇಕು. ಎಣ್ಣೆಯ ಹನಿ, ಲೋಹದ ಧೂಳು ಫ್ಯಾನಿನ ಎಲೆಗಳಿಗೆ ಮೆತ್ತಿ ಗಾಳಿಯನ್ನು ತಡೆಯುತ್ತವೆ. ಕಾವು ಮಿತಿಮೀರಿದಾಗ ಯಂತ್ರ ತನ್ನ ಜೀವವನ್ನು ಉಳಿಸಿಕೊಳ್ಳಲು ತಾನೇ ಆರುತ್ತದೆ. ಇದಕ್ಕೆ ಸುಲಭ ಪರೀಕ್ಷೆಯುಂಟು. ಬಯಾಸ್ ಎಂಬ ಮೊದಲ ಹೊಂದಾಣಿಕೆಯ ತೆರೆಯನ್ನು ತೆರೆದು, ಕಾಲು ಗಂಟೆ ಹಾಗೆಯೇ ಬಿಡಬೇಕು. ಅಲ್ಲಿಯೂ ಬಿದ್ದರೆ ರೋಗ ದೇಹದ್ದು. ನಿಶ್ಚಿಂತೆಯಿಂದ ನಿಂತರೆ ಡಿಸ್ಕು ಅಥವಾ ವಿಂಡೋಸಿನ ಮೇಲೆ ಸಂಶಯ ಬಲವಾಗುತ್ತದೆ.

ಲಾಂಛನ ಮೂಡಿದ ಮೇಲೆ ಬೀಳುವುದು ಮೂರನೆಯ ಬಗೆ. ಜುಲೈ ೧೯ರದು ಇದೇ. ಪದೇ ಪದೇ ಬಿದ್ದ ಬಳಿಕ ವಿಂಡೋಸ್ ತಾನಾಗಿಯೇ ದುರಸ್ತಿಯ ತೆರೆಯನ್ನು ತೋರಿಸುತ್ತದೆ. ಅಲ್ಲಿ ಸ್ವಯಂ ಮರುಚಾಲನೆಯನ್ನು ನಿಲ್ಲಿಸಿದರೆ ನೀಲಿ ತೆರೆ ಓಡಿಹೋಗದೆ ನಿಂತು, ತನ್ನ ದೂರನ್ನು ಓದಗೊಡುತ್ತದೆ. ಸೇಫ್ ಮೋಡಿನಲ್ಲಿ ಎದ್ದರೆ, ಇತ್ತೀಚೆಗೆ ಸೇರಿಸಿದ್ದನ್ನು ತೆಗೆಯಬೇಕು. ಏಳದಿದ್ದರೂ ಡಿಸ್ಕನ್ನು ಬಿಚ್ಚಿ ಇನ್ನೊಂದು ಯಂತ್ರಕ್ಕೆ ಜೋಡಿಸಿ, ಕಡತಗಳನ್ನು ಮೊದಲು ಉಳಿಸಿಕೊಳ್ಳಬೇಕು. ಫಾರ್ಮ್ಯಾಟಿನ ಮಾತು ಕಟ್ಟಕಡೆಗೆ.

ಎಸ್‌ಎಂಪಿಎಸ್ ಪೆಟ್ಟಿಗೆ, ಸ್ಮರಣಪಟ್ಟಿಗಳು ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ದೊರೆಯುತ್ತವೆ. ಹತ್ತು ವರ್ಷದ ಲೆಕ್ಕ, ನಕ್ಷೆಗಳು ಯಾವ ಅಂಗಡಿಯಲ್ಲಿಯೂ ದೊರೆಯವು. ಆದುದರಿಂದ ಯಂತ್ರ ಆರೋಗ್ಯವಾಗಿರುವಾಗಲೇ ಕಡತಗಳ ಪ್ರತಿಯೊಂದು ಹೊರಗಿನ ಡಿಸ್ಕಿನಲ್ಲಿರಲಿ. ಬೀಗದ ಸಂಖ್ಯೆ ಕಾಗದದ ಮೇಲಿರಲಿ. ಜುಲೈ ೧೯ರಂದು ಅನೇಕರನ್ನು ಕಾಪಾಡಿದುದು ಹೊಸ ಯಂತ್ರವಲ್ಲ. ಎಂದೋ ಬರೆದಿಟ್ಟಿದ್ದ ನಲವತ್ತೆಂಟು ಅಂಕೆಗಳು.