ಸರ್ಕಾರ ಬದಲಾದ ತಾಲ್ಲೂಕು

ಕೊಳ್ಳೇಗಾಲದಿಂದ ಯಳಂದೂರಿಗೆ ಬಸ್ಸಿನಲ್ಲಿ ಅರ್ಧ ಗಂಟೆಯ ದಾರಿ. ಎರಡೂ ಕಡೆ ಅದೇ ಮಾತು, ಅದೇ ಮಾದಪ್ಪನ ಒಕ್ಕಲು, ಕೊಟ್ಟು ತಂದ ನೆಂಟಸ್ತಿಕೆ. ಆದರೂ ಒಂದೂವರೆ ಶತಮಾನ ಇವೆರಡೂ ಬೇರೆ ಬೇರೆ ಸರ್ಕಾರಗಳ ಕೆಳಗಿದ್ದವು.

1799ರಲ್ಲಿ ಟಿಪ್ಪು ಮಡಿದ ಮೇಲೆ ಸೀಮೆಯ ಹಂಚಿಕೆಯಾಯಿತು. ಕೊಯಮತ್ತೂರಿನ ಜೊತೆ ಕೊಳ್ಳೇಗಾಲವೂ ಕಂಪನಿಯ ಪಾಲಾಗಿ ಮದ್ರಾಸ್ ಪ್ರಾಂತ್ಯಕ್ಕೆ ಸೇರಿತು. ಮೈಸೂರಿಗೇ ಉಳಿದ ಯಳಂದೂರು 1807ರಲ್ಲಿ ದಿವಾನ್ ಪೂರ್ಣಯ್ಯನವರ ಜಹಗೀರಾಯಿತು. ಹನೂರು, ಮಲೆ ಮಹದೇಶ್ವರ ಬೆಟ್ಟ ಕೊಳ್ಳೇಗಾಲದೊಂದಿಗೇ ಹೋದವು. ಮೈಸೂರು ಕಡೆಯಿಂದ ಮಾದಪ್ಪನ ಪರಸೆಗೆ ಹೊರಟವರು ಸಂಸ್ಥಾನದ ಗಡಿ ದಾಟಿಯೇ ಬೆಟ್ಟ ಹತ್ತಬೇಕಿತ್ತು.

ಕೊಳ್ಳೇಗಾಲದವರಿಗೆ ಜಿಲ್ಲಾ ಕಚೇರಿಯೆಂದರೆ ಘಟ್ಟದ ಕೆಳಗಿನ ಕೊಯಮತ್ತೂರು. 1952ರ ಚುನಾವಣೆಯಲ್ಲೂ ಅವರು ಮತ ಹಾಕಿದ್ದು ಮದ್ರಾಸ್ ವಿಧಾನಸಭೆಗೆ. ಆ ಪ್ರಾಂತ್ಯದ ರೇಷ್ಮೆ ಸಾಕಣೆಗೆ ಕೊಳ್ಳೇಗಾಲವೇ ಮುಖ್ಯ ನೆಲೆ. ಆದರೆ ಕೆಲಸದ ಕ್ರಮ ಮೈಸೂರು ಸೀಮೆಯದೇ: ನಾಲ್ಕು ಜ್ವರ ದಾಟಿದ ಹುಳುವಿಗೆ ಹೊತ್ತುಹೊತ್ತಿಗೆ ಸೊಪ್ಪು ಹಾಕಿ, ಹಣ್ಣಾದದ್ದನ್ನು ಆಯ್ದು, ಚಂದ್ರಿಕೆಗೆ ಬಿಡುವುದು.

ರಾಜ್ಯ ಪುನರ್ವಿಂಗಡಣೆಗೆ ನೇಮಕವಾದ ಫಜಲ್ ಅಲಿ ಆಯೋಗ 1955ರಲ್ಲಿ ಕೊಳ್ಳೇಗಾಲ ಕನ್ನಡ ನಾಡಿಗೆ ಸೇರಲಿ ಎಂದಿತು. 1956ರ ನವೆಂಬರ್ 1ರಂದು ಅದು ಮೈಸೂರು ರಾಜ್ಯದ ಮೈಸೂರು ಜಿಲ್ಲೆಗೆ ಬಂತು. ಕೊಯಮತ್ತೂರು ಜಿಲ್ಲೆಯಿಂದ ಬಂದದ್ದು ಈ ಒಂದೇ ತಾಲ್ಲೂಕು. ಕನ್ನಡದ ತಾಳವಾಡಿ ಆಚೆಯೇ ಉಳಿಯಿತು. ಡಾ. ರಾಜ್‌ಕುಮಾರ್ ಅವರ ತಂದೆಯ ಊರು ಸಿಂಗಾನಲ್ಲೂರು ಕೊಳ್ಳೇಗಾಲ ಸೀಮೆಯದು; ಅವರು ಹುಟ್ಟಿದ ಗಾಜನೂರು ತಾಳವಾಡಿ ಕಡೆಯದು. 1929ರಲ್ಲಿ ಅವರು ಹುಟ್ಟಿದಾಗ ಎರಡೂ ಕೊಯಮತ್ತೂರು ಜಿಲ್ಲೆಯ ಊರುಗಳು. ಈಗ ಒಂದು ಕರ್ನಾಟಕದಲ್ಲಿ, ಇನ್ನೊಂದು ತಮಿಳುನಾಡಿನ ಈರೋಡ್ ಜಿಲ್ಲೆಯಲ್ಲಿ. ಭಾಷೆಯ ಹೆಸರಿನಲ್ಲಿ ಎಳೆದ ಗೆರೆ ಒಂದೇ ಭಾಷೆಯ ಮನೆತನದ ನಡುವೆಯೂ ಹಾದುಹೋಯಿತು.

ಬದಲಾವಣೆ ಅಲ್ಲಿಗೇ ನಿಲ್ಲಲಿಲ್ಲ. 1997ರಲ್ಲಿ ಚಾಮರಾಜನಗರ ಜಿಲ್ಲೆಯಾದಾಗ ಕೊಳ್ಳೇಗಾಲ, ಯಳಂದೂರು ಎರಡೂ ಮೈಸೂರು ಜಿಲ್ಲೆ ಬಿಟ್ಟು ಅದಕ್ಕೆ ಸೇರಿದವು. ಮುಂದೆ ಹನೂರು ಕೊಳ್ಳೇಗಾಲದಿಂದ ಬೇರೆಯಾಗಿ ಪ್ರತ್ಯೇಕ ತಾಲ್ಲೂಕಾಯಿತು.

ಹನೂರು ತಾಲ್ಲೂಕು ಆಗಲೇಬೇಕಿತ್ತು. ಬೆಟ್ಟದ ತಪ್ಪಲಿನ ರೈತ ಒಂದು ಪಹಣಿ ತಿದ್ದುಪಡಿಗೂ ಕೊಳ್ಳೇಗಾಲದವರೆಗೆ ಬಂದು ಒಂದು ದಿನದ ಕೂಲಿ ಕಳೆದುಕೊಳ್ಳುವುದು ನ್ಯಾಯವಲ್ಲ. ಆದರೆ ಬೋರ್ಡು ಬದಲಾದ ಮಾತ್ರಕ್ಕೆ ಕಚೇರಿ ಹತ್ತಿರವಾಗುವುದಿಲ್ಲ. ಇಂಡಿಗನತ್ತ, ತುಳಸಿಕೆರೆಯಂಥ ಕಾಡಂಚಿನ ಊರುಗಳು ಒಳ್ಳೆಯ ರಸ್ತೆಗಾಗಿ ವರ್ಷಗಟ್ಟಲೆ ಕೂಗಿವೆ; ಅಲ್ಲಿ ರೋಗಿಗಳನ್ನು ಡೋಲಿ ಕಟ್ಟಿ ಹೊತ್ತು ತಂದದ್ದೂ ಉಂಟು. ನಕ್ಷೆ ತಿದ್ದುವವರು ಮೊದಲು ಕೇಳಬೇಕಾದದ್ದು ಈ ಊರುಗಳವರನ್ನು. ಬಸುರಿ ಹೆಂಗಸು ಹೊತ್ತಿಗೆ ಸರಿಯಾಗಿ ಆಸ್ಪತ್ರೆ ಸೇರುವಂತಾದರೆ ಮಾತ್ರ ಹೊಸ ತಾಲ್ಲೂಕು ಮಾಡಿದ್ದು ಸಾರ್ಥಕ.