ಕೈಗವಸಿನ ಸಂಗತಿ ಯಾವ ಹಾಳೆಯಲ್ಲೂ ಇರಲಿಲ್ಲ

2004ರ ಸುಮಾರಿಗೆ ಅಮೆರಿಕದವರ ಬಾಯಲ್ಲಿ ನಮ್ಮೂರು ಕ್ರಿಯಾಪದವಾಗಿತ್ತು. ತನ್ನ ಕೆಲಸ ಭಾರತಕ್ಕೆ ಹೋಗಿ ಮನೆಯಲ್ಲಿ ಕೂತವನು ‘ಬ್ಯಾಂಗಲೋರ್ಡ್’ ಆದ ಅನ್ನುತ್ತಿದ್ದರು. ಆ ಕೆಲಸ ಬಂದು ಇಳಿಯುತ್ತಿದ್ದ ಎಲೆಕ್ಟ್ರಾನಿಕ್ ಸಿಟಿಯಲ್ಲಿ ನಾನಿದ್ದೆ. ಅಮೆರಿಕದ ಪ್ರೋಗ್ರಾಮರುಗಳು ನಮ್ಮ ಬಗ್ಗೆ ನಂಬಿದ್ದ ಸುಳ್ಳುಗಳಲ್ಲಿ ಅರ್ಧದಷ್ಟನ್ನು ನಾವೂ ನಂಬಿದ್ದೆವು.

ಎಲ್ಲಕ್ಕಿಂತ ಗಟ್ಟಿ ನಂಬಿಕೆ, ಪೈಪೋಟಿ ಇರುವುದು ದರದಲ್ಲಿ ಎಂಬುದು. ಗಂಟೆಗೆ ಕೇಳುವ ಹಣ ಇಳಿಸದಿದ್ದರೆ ಅಲ್ಲಿನವರಿಗೆ ಉಳಿಗಾಲವಿಲ್ಲವಂತೆ. ಮಿನೆಸೋಟದ ಬಾಡಿಗೆ, ವಿಮೆ ಕಟ್ಟುವವನು ಬೊಮ್ಮನಹಳ್ಳಿಯ ಪೀಜಿಯ ಹುಡುಗನ ದರಕ್ಕೆ ಇಳಿಯುವುದು ಸಾಧ್ಯವಿಲ್ಲ. ಇಳಿಯಬೇಕಾಗಿಯೂ ಇಲ್ಲ. ಗಂಟೆಯ ದರ ಬೇರೆ, ಕೆಲಸ ಮುಗಿಯುವ ಹೊತ್ತಿಗೆ ಆಗುವ ಖರ್ಚು ಬೇರೆ.

ನಮ್ಮ ತಂಡಕ್ಕೆ ಒಮ್ಮೆ ಅಲ್ಲಿನ ಶೀತಲಗೃಹವೊಂದರ ಕೆಲಸ ಬಂತು. ಮಾಲು ಎಣಿಸುವವರು ಅಂಗೈಯಲ್ಲಿ ಹಿಡಿಯುವ ಯಂತ್ರಕ್ಕೆ ತಂತ್ರಾಂಶ. ರಿಕ್ವೈರ್‌ಮೆಂಟ್ ಡಾಕ್ಯುಮೆಂಟು ನೂರು ಪುಟ ದಾಟಿತ್ತು. ಅಕ್ಷರ ಬಿಡದೆ ಮಾಡಿಕೊಟ್ಟೆವು. ಟೆಸ್ಟಿಂಗಿನವರು ಒಂದು ತಪ್ಪೂ ಹಿಡಿಯಲಿಲ್ಲ. ಮೊದಲ ವಾರದಲ್ಲೇ ದೂರು ಬಂತು: ಒಂದು ಗುಂಡಿ ಒತ್ತಿದರೆ ಪಕ್ಕದ್ದೂ ಒತ್ತಿಕೊಳ್ಳುತ್ತದೆ. ಎರಡು ವಾರ ಕೋಡ್ ಕೆದಕಿದೆವು, ಮೇಲ್ ಮೇಲೆ ಮೇಲ್ ಬರೆದೆವು. ಕೊನೆಗೆ ಅದೇ ಊರಿನ ಒಬ್ಬ ಪ್ರೋಗ್ರಾಮರ್ ಬೆಳಿಗ್ಗೆ ಗೋದಾಮಿಗೆ ಹೋಗಿ, ಬೋರಲು ಹಾಕಿದ ಪೆಟ್ಟಿಗೆಯ ಮೇಲೆ ಒಂದು ತಾಸು ಕೂತು ನೋಡಿದ. ಒಳಗೆ ದುಡಿಯುವವರೆಲ್ಲ ಹೆಬ್ಬೆರಳ ಗಾತ್ರ ದುಪ್ಪಟ್ಟಾಗುವಂಥ ಕೈಗವಸು ತೊಟ್ಟಿದ್ದರು. ನಮ್ಮ ಪರದೆಯಲ್ಲಿ ಹನ್ನೆರಡು ಪುಟ್ಟ ಗುಂಡಿಗಳಿದ್ದವು. ಅವನು ಕಾಗದದ ಮೇಲೆ ನಾಲ್ಕು ದೊಡ್ಡ ಚೌಕ ಬರೆದು ಕಳಿಸಿದ. ಅವನ ಒಂದು ಗಂಟೆಯ ಬಿಲ್ಲಿನಲ್ಲಿ ನಮ್ಮ ನಾಲ್ಕೈದು ಮಂದಿಯ ದರ ಅಡಗುತ್ತಿತ್ತು. ಆದರೂ ಆ ಗಿರಾಕಿ ಮುಂದಿನ ಕೆಲಸಕ್ಕೆ ಮೊದಲು ಕರೆದದ್ದು ಅವನನ್ನೇ.

ಪ್ರಿನ್ಸ್‌ಟನ್ನಿನ ಅರ್ಥಶಾಸ್ತ್ರಜ್ಞ ಅಲನ್ ಬ್ಲೈಂಡರ್ 2006ರಲ್ಲಿ ಬರೆದದ್ದರ ತಿರುಳೂ ಇದೇ. ಯಾವ ಕೆಲಸ ಹೊರದೇಶಕ್ಕೆ ಹೋಗುತ್ತದೆ ಎಂಬುದನ್ನು ಓದು ತೀರ್ಮಾನಿಸುವುದಿಲ್ಲ. ಗುಣ ಕೆಡದಂತೆ ಅದನ್ನು ತಂತಿಯ ಮೇಲೆ ಸಾಗಿಸಲು ಬರುತ್ತದೆಯೇ ಎಂಬುದು ತೀರ್ಮಾನಿಸುತ್ತದೆ. ಬರೆದಿಟ್ಟದ್ದನ್ನು ಸಾಗಿಸಬಹುದು. ಕೈಗವಸನ್ನು ಯಾರೂ ಬರೆದಿರಲಿಲ್ಲ. ದಿನಾ ತೊಡುವವರಿಗೆ ಅದು ಹೇಳಬೇಕಾದ ಸಂಗತಿ ಅಂತಲೇ ಅನ್ನಿಸಿರಲಿಲ್ಲ.

ಹಾಗಾದರೆ ಹೊರಗೆ ಹೋದ ಕೋಡೆಲ್ಲ ಕಳಪೆಯೇ? ಅಲ್ಲಿನವರು ತಮ್ಮನ್ನು ಸಮಾಧಾನಪಡಿಸಿಕೊಳ್ಳುತ್ತಿದ್ದ ಮಾತದು. ತಂತ್ರಾಂಶ ತಯಾರಿಸುವ ಕ್ರಮದ ಪಕ್ವತೆ ಅಳೆಯುವ ಸಿಎಂಎಂ ಮಾಪನದ ಕೊನೆಯ, ಐದನೇ ಮಟ್ಟವನ್ನು ಮೊಟೊರೋಲಾದ ಬೆಂಗಳೂರು ಘಟಕ 1990ರ ದಶಕದಲ್ಲೇ ಮುಟ್ಟಿತ್ತು. ಇತ್ತ 2013ರ ಅಕ್ಟೋಬರ್ 1ರಂದು ಶುರುವಾದ ಅಮೆರಿಕ ಸರ್ಕಾರದ ಆರೋಗ್ಯ ವಿಮೆಯ ಜಾಲತಾಣದಲ್ಲಿ ಮೊದಲ ದಿನ ವಿಮೆಗೆ ಸೇರಲು ಆದದ್ದು ಆರೇ ಮಂದಿಗೆ. ಅದರ ಮುಖ್ಯ ಗುತ್ತಿಗೆದಾರ ಕಂಪನಿ ಇದ್ದದ್ದು ರಾಜಧಾನಿಯ ಮಗ್ಗುಲಲ್ಲಿರುವ ವರ್ಜೀನಿಯಾದಲ್ಲಿ. ಹತ್ತಿರ ಕೂತ ಮಾತ್ರಕ್ಕೆ ಕಣ್ಣು ತೆರೆಯುವುದಿಲ್ಲ. ಎದ್ದು ಗೋದಾಮಿಗೆ ಹೋಗಬೇಕು.

‘ಅವರು ಮಲಗಿದಾಗ ನಾವು ದುಡಿಯುತ್ತೇವೆ, ಕೆಲಸ 24 ಗಂಟೆ ನಡೆಯುತ್ತದೆ’ ಎಂಬ ಮಾತನ್ನು ನಮ್ಮ ಸೇಲ್ಸಿನವರು ಎಷ್ಟು ಸಲ ಮಾರಿದರೋ. ಕ್ಯಾಲಿಫೋರ್ನಿಯಾಗೂ ನಮಗೂ ಬೇಸಿಗೆಯಲ್ಲಿ ಹನ್ನೆರಡೂವರೆ ಗಂಟೆ, ಚಳಿಗಾಲದಲ್ಲಿ ಹದಿಮೂರೂವರೆ ಗಂಟೆ ಅಂತರ. ಬೆಳಿಗ್ಗೆ ಹತ್ತಕ್ಕೆ ನಮಗೊಂದು ಅನುಮಾನ ಬಂದರೆ, ಕೇಳಬೇಕಾದವರು ಅಲ್ಲಿ ಕೆಲಸ ಮುಗಿಸಿ ಮನೆ ಸೇರಿರುತ್ತಾರೆ. ಉತ್ತರಕ್ಕೆ ರಾತ್ರಿ ಕಾಲ್‌ವರೆಗೆ ಕಾಯಬೇಕು, ಇಲ್ಲವೇ ಏನೋ ಒಂದು ಊಹಿಸಿಕೊಂಡು ಮುಂದುವರಿಯಬೇಕು. ನಾವು ಹೆಚ್ಚಾಗಿ ಊಹಿಸಿಕೊಂಡೆವು. ತಡವಾದಾಗ ಇನ್ನೂ ನಾಲ್ಕು ಜನರನ್ನು ತುಂಬುತ್ತಿದ್ದೆವು. ತಡವಾದ ಕೆಲಸಕ್ಕೆ ಜನ ಸೇರಿಸಿದರೆ ಅದು ಇನ್ನೂ ತಡವಾಗುತ್ತದೆ ಎಂದು ಹಿಂದೆ ಐಬಿಎಂನಲ್ಲಿದ್ದ ಫ್ರೆಡ್ ಬ್ರೂಕ್ಸ್ 1975ರಲ್ಲೇ ಬರೆದಿದ್ದರು. ಆದರೆ ತುಂಬಿದ ಪ್ರತಿ ತಲೆಗೂ ಬಿಲ್ಲಿಂಗ್ ಇತ್ತಲ್ಲ!

ಅಮೆರಿಕದಲ್ಲಿ ಈ ಕಸುಬೇ ಮುಗಿಯಿತು ಎಂಬ ಗಾಬರಿಯೂ ಪೂರ್ತಿ ನಿಜವಲ್ಲ. ಅಲ್ಲಿನ ಕಾರ್ಮಿಕ ಅಂಕಿಅಂಶ ಇಲಾಖೆ ‘ಪ್ರೋಗ್ರಾಮರ್’ ಮತ್ತು ‘ಡೆವಲಪರ್’ ಎಂದು ಎರಡು ಖಾನೆ ಇಟ್ಟಿದೆ. 2023ರಿಂದ 2033ರವರೆಗೆ ಅದು ಹಾಕಿದ ಅಂದಾಜಿನಲ್ಲಿ ಮೊದಲನೆಯದರ ಕೆಲಸಗಳು ಶೇ. 10ರಷ್ಟು ಇಳಿದರೆ, ಪರೀಕ್ಷಕರೂ ಸೇರಿದ ಎರಡನೆಯದು ಶೇ. 17ರಷ್ಟು ಏರುತ್ತದೆ. ಸ್ಥೂಲವಾಗಿ ಹೇಳುವುದಾದರೆ, ಬೇರೆಯವರು ರೂಪಿಸಿಕೊಟ್ಟದ್ದನ್ನು ಕೋಡಿಗೆ ಇಳಿಸುವವನು ಮೊದಲನೆಯವನು, ಏನು ಬೇಕೆಂದು ಕೇಳಿ ತಿಳಿದು ತಾನೇ ರೂಪಿಸುವವನು ಎರಡನೆಯವನು.

ಇನ್ನು ಸರ್ಕಾರ ತೆರಿಗೆ ಹಾಕಿ ತಡೆಯಲಿ ಎಂಬ ಆಸೆ. ವಿದೇಶದಲ್ಲಿ ತಂತ್ರಾಂಶ ಬರೆಸಿದ ಖರ್ಚನ್ನು ಅಮೆರಿಕದ ಕಂಪನಿಗಳು 2022ರಿಂದ ತೆರಿಗೆ ಲೆಕ್ಕದಲ್ಲಿ ಒಂದೇ ವರ್ಷ ಕಳೆಯುವಂತಿಲ್ಲ, 15 ವರ್ಷಕ್ಕೆ ಹರಡಿ ಕಳೆಯಬೇಕಾಗಿದೆ. ಆದರೂ ಎಲೆಕ್ಟ್ರಾನಿಕ್ ಸಿಟಿಯ ಕ್ಯಾಬುಗಳೇನೂ ನಿಂತಿಲ್ಲ.

ಈಚೆಗೆ ಶಿವಮೊಗ್ಗದಿಂದ ಅಕ್ಕನ ಮಗ ಫೋನ್ ಮಾಡಿದ್ದ. ಇಬ್ಬರು ಹುಡುಗರನ್ನಿಟ್ಟುಕೊಂಡು ಅಡಿಕೆ ಮಂಡಿಗಳಿಗೆ ಲೆಕ್ಕದ ತಂತ್ರಾಂಶ ಮಾಡಿಕೊಡುತ್ತಾನೆ. “ಮಾವ, ಬೆಂಗಳೂರಿನ ಕಂಪನಿಯವರು ಅರ್ಧ ದುಡ್ಡಿಗೆ ಕೊಡ್ತೀವಿ ಅಂತ ಬಂದಿದ್ದಾರೆ, ನಾನೂ ಇಳಿಸ್ಲಾ?” ಅಂದ. ರಾಶಿ, ಬೆಟ್ಟೆ, ಗೊರಬಲು, ಸರಕು ಅಂತ ಅಡಿಕೆಯ ಬಗೆಗಳಿಗೆಲ್ಲ ಖಾನೆ ಮಾಡಿದ್ದಾರಾ ಎಂದು ಕೇಳಿದೆ. ಅದೆಲ್ಲ ಇದೆಯಂತೆ. ಮಾಲು ಮಂಡಿಯಲ್ಲಿ ಇಳಿಸಿ, ರೇಟು ಬರಲಿ ಅಂತ ಮಾರದೆ, ಅದರ ಮೇಲೆ ಮುಂಗಡ ಒಯ್ದ ಬೆಳೆಗಾರನನ್ನು ಎಲ್ಲಿ ಬರೆದುಕೊಳ್ಳುತ್ತಾರೆ ಅಂದೆ.

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ನಕ್ಕು, “ನಾಳೆ ಹೋಗಿ ನೋಡ್ಕೊಂಡು ಬರ್ತೀನಿ” ಅಂದ.