ಹಳೆಯ ಮೋಟಾರು ಗಾಡಿಯ ಹೊಗೆ

ತರ್ಕಶಾಸ್ತ್ರವನ್ನು ಆರಂಭಿಸುವ ಬಾಲಕನಿಗೆ ಗುರುಗಳು ಮೊತ್ತಮೊದಲು ತೋರಿಸುವುದು ಬೆಟ್ಟದ ಮೇಲಣ ಹೊಗೆಯನ್ನು. ಅಡಿಗೆಯ ಮನೆಯಲ್ಲಿ ಹೊಗೆಯನ್ನೂ ಬೆಂಕಿಯನ್ನೂ ಒಟ್ಟಿಗೆ ಕಂಡವನು, ಬೆಟ್ಟದಲ್ಲಿ ಬರಿಯ ಹೊಗೆಯನ್ನು ಕಂಡರೂ ಅಲ್ಲಿ ಬೆಂಕಿಯುಂಟೆಂದು ನಿಶ್ಚಯಿಸುತ್ತಾನೆ. ಆದರೆ ಇದನ್ನೇ ತಿರುಗಿಸಿ, ಬೆಂಕಿಯಿರುವಲ್ಲೆಲ್ಲ ಹೊಗೆಯಿರುತ್ತದೆಂದು ಹೇಳಲಾಗದು. ಕೆಂಪಗೆ ಕಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯಿದೆ, ಹೊಗೆಯಿಲ್ಲ. ಬೆಂಕಿಗೆ ಹಸಿಯ ಸೌದೆಯ ಸಂಬಂಧವಾದರೆ ಮಾತ್ರ ಹೊಗೆ ಹುಟ್ಟುವುದೆಂಬುದು ನೈಯಾಯಿಕರ ನಿರ್ಣಯ. ಈ ಪಾಠವನ್ನು ಬಹುಕಾಲ ಹುಡುಗರಿಗೆ ಹೇಳಿಕೊಟ್ಟ ನಾವು ಅದನ್ನು ನಿಜವಾಗಿ ಕಲಿತದ್ದು ಒಂದು ಹಳೆಯ ಮೋಟಾರು ಗಾಡಿಯ ಹಿಂದೆ ನಿಂತಾಗ ಎಂದರೆ ವಾಚಕರು ನಗಬಹುದು.

ನಮ್ಮ ಅಣ್ಣನವರು ಬಿಟ್ಟುಹೋದ ವಸ್ತುಗಳಲ್ಲಿ ಒಂದು ಅಂಬಾಸಿಡರ್ ಗಾಡಿಯೂ ಸೇರಿತ್ತು. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಗಾಡಿಯ ಮಾದರಿಯಲ್ಲಿ ಕಲ್ಕತ್ತೆಯ ಸಮೀಪದ ಉತ್ತರಪಾರಾದಲ್ಲಿ ತಯಾರಾಗುತ್ತಿದ್ದ ಈ ವಾಹನದ ನಿರ್ಮಾಣವು ೨೦೧೪ರಲ್ಲಿ ನಿಂತುಹೋಯಿತು. ಅಣ್ಣನವರದು ಹಳೆಯ ಪೆಟ್ರೋಲು ಗಾಡಿ. ನಾಲ್ಕು ಸಿಲಿಂಡರು, ೧೪೮೯ ಘನ ಸೆಂಟಿಮೀಟರಿನ ಇಂಜಿನು. ಎರಡು ಮಕ್ಕಳನ್ನೂ ಹೆರಿಗೆ ಆಸ್ಪತ್ರೆಯಿಂದ ಮನೆಗೆ ತಂದದ್ದು ಆ ಗಾಡಿಯಲ್ಲಿಯೇ ಎಂಬುದು ಅತ್ತಿಗೆಯವರು ಮರೆಯದ ಮಾತು.

ಕಳೆದ ವರ್ಷ ಮನೆಯವರೆಲ್ಲ ಅದರಲ್ಲಿ ಕುಳಿತು ಆಗುಂಬೆಯ ಘಾಟಿಯನ್ನಿಳಿದು ಉಡುಪಿಗೆ ಹೊರಟೆವು. ಅಣ್ಣನ ಮಗನು ಗಾಡಿ ನಡೆಸುತ್ತಿದ್ದನು. ತಿರುವುಗಳನ್ನೆಲ್ಲ ನಿಧಾನವಾಗಿ ಇಳಿದು, ಸೋಮೇಶ್ವರದ ಬಳಿ ಸಮದಾರಿ ಸಿಕ್ಕಿತೆಂದು ಅವನು ಆಕ್ಸಿಲರೇಟರನ್ನು ಒತ್ತಿದೊಡನೆ, ಹಿಂದಿನ ದಾರಿಯೇ ಕಾಣದಷ್ಟು ನೀಲಿಯ ಹೊಗೆ ಎದ್ದಿತು. ಊರಿಗೆ ಮರಳಿದ ಮೇಲೆ ಒಂದು ಗ್ಯಾರೇಜಿನಲ್ಲಿ ತೋರಿಸಲಾಗಿ, ಅಲ್ಲಿಯವರು ಒಮ್ಮೆ ನೋಡಿ, “ಪಿಸ್ಟನ್ ರಿಂಗು ಸವೆದಿದೆ, ಇಂಜಿನು ಬೋರು ಮಾಡಿಸಿ ಹೊಸ ಪಿಸ್ಟನ್ನು ಹಾಕಬೇಕು” ಎಂದು ದೊಡ್ಡ ಮೊತ್ತವನ್ನು ಹೇಳಿದರು. “ಗುಜರಿಗೆ ಕೊಟ್ಟುಬಿಡೋಣ ಚಿಕ್ಕಪ್ಪ” ಎಂದನು ಹುಡುಗ. ನಾವೂ ತಲೆಯಾಡಿಸಿದೆವು. ಅತ್ತಿಗೆಯವರು ಮಾತ್ರ, “ಇನ್ನೊಬ್ಬರಿಗೆ ಒಂದು ಸಲ ತೋರಿಸಬಾರದೆ?” ಎಂದರು.

ಅವರ ಮಾತಿಗಾಗಿ ನಾವು ಒಬ್ಬ ವೃದ್ಧ ಮೇಸ್ತ್ರಿಗಳ ಬಳಿಗೆ ಹೋದೆವು. ಅವರು ಬಾನೆಟ್ಟನ್ನು ತೆರೆಯುವ ಮೊದಲೇ ಕೇಳಿದ ಪ್ರಶ್ನೆಯಿದು: “ಹೊಗೆ ಬಂದದ್ದು ಯಾವಾಗ ಮೇಷ್ಟ್ರೇ? ಘಾಟಿ ಹತ್ತುವಾಗಲೋ, ಇಳಿದಾದ ಮೇಲೋ?” ನಮಗೆ ನಾಚಿಕೆಯಾಯಿತು. ನೀಲಿಯ ಹೊಗೆಯಿಂದ ಎಣ್ಣೆ ಉರಿಯುತ್ತಿದೆಯೆಂದು ಊಹಿಸಿದ್ದು ಸರಿ. ಎಣ್ಣೆ ಉರಿದಲ್ಲೆಲ್ಲ ರಿಂಗು ಸವೆದಿರುತ್ತದೆಂದು ಒಪ್ಪಿದ್ದು ತಪ್ಪು. ಎಣ್ಣೆ ಒಳಗೆ ಬರಲು ಬೇರೆ ದಾರಿಯೂ ಉಂಟಷ್ಟೆ! ವ್ಯಭಿಚಾರವುಳ್ಳ ಹೇತುವನ್ನು ನಂಬಬಾರದೆಂದು ಬೋಧಿಸಿದವರೇ ಅದನ್ನು ನಂಬಿ, ಅಣ್ಣನ ಗಾಡಿಯನ್ನು ಗುಜರಿಗೆ ಕಳುಹಿಸಲಿದ್ದೆವು.

ಅಂದು ಮೇಸ್ತ್ರಿಗಳು ತಿಳಿಸಿದುದನ್ನು ಹಳೆಯ ಗಾಡಿಯನ್ನಿಟ್ಟುಕೊಂಡಿರುವ ಗೃಹಸ್ಥರ ಉಪಯೋಗಕ್ಕಾಗಿ ಇಲ್ಲಿ ಬರೆಯುತ್ತೇವೆ. ಸುಸ್ಥಿತಿಯಲ್ಲಿರುವ ಇಂಜಿನು ಕಾದ ಕಬ್ಬಿಣದ ಗುಂಡಿನಂತೆ; ಅದರಲ್ಲಿ ಬೆಂಕಿಯುಂಟು, ಕಣ್ಣಿಗೆ ಕಾಣುವ ಹೊಗೆಯಿಲ್ಲ. ಹೊಗೆ ಕಂಡರೆ ಯಾವ ‘ಹಸಿಯ ಸೌದೆ’ ಒಳಗೆ ಸೇರಿತೆಂದು ವಿಚಾರಿಸತಕ್ಕದ್ದು. ಅದು ಮುಖ್ಯವಾಗಿ ಮೂರು ಬಗೆ: ನೀರು, ಅಧಿಕವಾದ ಪೆಟ್ರೋಲು, ಎಣ್ಣೆ.

ಬಿಳಿಯ ಹೊಗೆ ನೀರಿನದು. ಆದರೆ ಚಳಿಯ ಮುಂಜಾನೆ ಕಾಣುವ ತೆಳುವಾದ ಬಿಳಿಯ ಹಬೆ ರೋಗವಲ್ಲ. ಒಂದು ಲೀಟರು ಪೆಟ್ರೋಲು ಉರಿದರೆ ಹೆಚ್ಚು ಕಡಮೆ ಅಷ್ಟೇ ನೀರು ಹುಟ್ಟುತ್ತದೆ. ತಣ್ಣಗಿರುವ ಸೈಲೆನ್ಸರಿನಲ್ಲಿ ಅದು ಹನಿಗಟ್ಟಿ ಹಬೆಯಾಗಿ ಹೊರಬರುತ್ತದೆ. ಗಾಡಿ ಕಾದ ಮೇಲೆ ಅದು ಮಾಯವಾಗಬೇಕು. ಮಾಯವಾಗದೆ ದಟ್ಟವಾಗಿ ಬರುತ್ತಲೇ ಇದ್ದು, ರೇಡಿಯೇಟರಿನ ನೀರು ದಿನದಿನಕ್ಕೂ ಇಳಿಯುತ್ತಿದ್ದರೆ, ಅಥವಾ ಎಣ್ಣೆಯು ಹಾಲು ಬೆರೆಸಿದ ಕಾಫಿಯಂತೆ ಕಂಡರೆ, ಹೆಡ್ ಗ್ಯಾಸ್ಕೆಟ್ಟು ಒಡೆದಿರುವ ಸಂಭವ ಹೆಚ್ಚು. ಆಗ ಗಾಡಿಯನ್ನು ಓಡಿಸಲೇಬಾರದು. ಬಿಸಿಯಾದ ರೇಡಿಯೇಟರಿನ ಮುಚ್ಚಳವನ್ನು ಕೂಡಲೆ ತೆರೆಯಲೂ ಬಾರದು. ಕುದಿನೀರು ಮುಖಕ್ಕೆ ಚಿಮ್ಮೀತು.

ಕಪ್ಪು ಹೊಗೆ ಪೆಟ್ರೋಲಿನ ಅತಿಭೋಜನದ ಚಿಹ್ನೆ. ಚೋಕನ್ನು ಎಳೆದು ಹಾಗೆಯೇ ಮರೆತಿರಬಹುದು. ಏರ್ ಫಿಲ್ಟರಿನಲ್ಲಿ ಧೂಳು ಕಟ್ಟಿ ಗಾಳಿಯ ದಾರಿ ಮುಚ್ಚಿರಬಹುದು. ಇಲ್ಲವೆ ಕಾರ್ಬ್ಯುರೇಟರಿನ ಸೂಜಿ ಸರಿಯಾಗಿ ಕೂಡದೆ ಪೆಟ್ರೋಲು ಮಿತಿಮೀರಿ ಹರಿಯುತ್ತಿರಬಹುದು. ಸ್ಪಾರ್ಕ್ ಪ್ಲಗ್ಗನ್ನು ಬಿಚ್ಚಿ ನೋಡಿದರೆ ಅದರ ತುದಿಯಲ್ಲಿ ಒಣ ಮಸಿ ಹತ್ತಿರುತ್ತದೆ. ಮೂರು ಹೊಗೆಗಳಲ್ಲಿ ಅಲ್ಪವ್ಯಯದಿಂದ ಗುಣವಾಗುವುದು ಸಾಮಾನ್ಯವಾಗಿ ಇದೇ.

ಇನ್ನು ನೀಲಿಯ ಹೊಗೆ. ಇದರ ವಿಷಯದಲ್ಲಿಯೇ ಗೃಹಸ್ಥರು ಮೋಸಹೋಗುವುದು. ಇಂಜಿನಿನ ಎಣ್ಣೆ ಮುಖ್ಯವಾಗಿ ಎರಡು ದಾರಿಗಳಿಂದ ಬೆಂಕಿಯನ್ನು ಸೇರುತ್ತದೆ. ಕೆಳಗಿನಿಂದ, ಸವೆದ ರಿಂಗುಗಳ ಪಕ್ಕದಲ್ಲಿ ನುಸುಳುವುದು ಒಂದು. ಹೀಗಾದರೆ ಗಾಡಿ ಭಾರವೆಳೆಯುವಾಗ, ಏರು ಹತ್ತುವಾಗ, ಹೊಗೆ ಎಡೆಬಿಡದೆ ಬರುತ್ತದೆ. ಗಾಡಿಯ ಶಕ್ತಿಯೂ ಕುಂದುತ್ತದೆ. ಮೇಲಿನಿಂದ, ವಾಲ್ವಿನ ಕಡ್ಡಿಗೂ ಅದರ ಗೈಡಿಗೂ ನಡುವಣ ಸಂದಿಯಲ್ಲಿ ಇಳಿಯುವುದು ಇನ್ನೊಂದು. ಇಳಿಜಾರಿನಲ್ಲಿ ಕಾಲನ್ನು ಆಕ್ಸಿಲರೇಟರಿನಿಂದ ತೆಗೆದಾಗ ಗಾಳಿಯ ದಾರಿ ಮುಚ್ಚಿರುತ್ತದೆ, ಪಿಸ್ಟನ್ನುಗಳಾದರೋ ಹೀರುತ್ತಲೇ ಇರುತ್ತವೆ. ಆ ಸೆಳೆತಕ್ಕೆ ಸಿಕ್ಕಿ ಎಣ್ಣೆಯು ಸಂದಿಯಿಂದ ಇಳಿದು ಕೂಡಿಕೊಂಡು, ಮತ್ತೆ ಕಾಲೊತ್ತಿದಾಗ ಒಮ್ಮೆಲೆ ಉರಿದು ಮೋಡದಂತೆ ಹೊರಬರುತ್ತದೆ. ರಾತ್ರಿಯೆಲ್ಲ ನಿಂತ ಗಾಡಿಯನ್ನು ಬೆಳಗ್ಗೆ ಚಾಲನೆ ಮಾಡಿದಾಗ ಕ್ಷಣಕಾಲ ನೀಲಿ ಕಾಣುವುದೂ ಈ ಕಾರಣದಿಂದಲೇ. ಎಣ್ಣೆಯನ್ನು ಅಳತೆಗಿಂತ ಹೆಚ್ಚಾಗಿ ತುಂಬಿದರೂ, ಇಂಜಿನು ಉಸಿರಾಡುವ ಕೊಳವೆ ಕಟ್ಟಿದರೂ ನೀಲಿಯ ಹೊಗೆ ಬರಬಹುದು. ಆದುದರಿಂದ ಮೊದಲು ಇವನ್ನು ನೋಡಿಕೊಳ್ಳತಕ್ಕದ್ದು.

ನಮ್ಮ ಗಾಡಿ ಘಾಟಿಯನ್ನು ಇಳಿದ ಮೇಲೆಯೇ ಹೊಗೆ ಬಿಟ್ಟಿತ್ತಷ್ಟೆ. ಆದರೂ ಮೇಸ್ತ್ರಿಗಳು ಊಹೆಯಲ್ಲಿಯೇ ನಿಲ್ಲಲಿಲ್ಲ. ಪ್ಲಗ್ಗುಗಳನ್ನು ಬಿಚ್ಚಿ, ಒಂದೊಂದು ಸಿಲಿಂಡರಿನ ಒತ್ತಡವನ್ನೂ ಮಾಪಕವಿಟ್ಟು ಅಳೆದರು. ಬಳಿಕ ಪ್ಲಗ್ಗಿನ ರಂಧ್ರದಿಂದ ಒಂದೊಂದು ಚಮಚ ಎಣ್ಣೆ ಬಿಟ್ಟು ಮತ್ತೆ ಅಳೆದರು. ರಿಂಗು ಸವೆದಿದ್ದರೆ ಎಣ್ಣೆಯು ಆ ಸಂದಿಯನ್ನು ಮುಚ್ಚಿ ಒತ್ತಡವನ್ನು ಚೆನ್ನಾಗಿ ಏರಿಸಬೇಕು. ನಮ್ಮ ಗಾಡಿಯಲ್ಲಿ ನಾಲ್ಕೂ ಮೊದಲೇ ಹೆಚ್ಚು ಕಡಮೆ ಸಮವಾಗಿದ್ದು, ಎಣ್ಣೆ ಬಿಟ್ಟ ಮೇಲೂ ಅಷ್ಟಾಗಿ ಏರಲಿಲ್ಲ. ಹೆಡ್ಡನ್ನು ಬಿಚ್ಚಿ ನೋಡಲು ವಾಲ್ವಿನ ಸೀಲುಗಳು ಒಣಗಿ ಗಡಸಾಗಿದ್ದವು, ಗೈಡುಗಳು ಸವೆದಿದ್ದವು. ಅವನ್ನು ಬದಲಾಯಿಸಿದ್ದಕ್ಕೆ ಹಿಂದಿನವರು ಹೇಳಿದ್ದ ಮೊತ್ತದ ಕಾಲುಭಾಗವೂ ಆಗಲಿಲ್ಲ.

ಕೊನೆಗೆ ಒಂದು ಎಚ್ಚರಿಕೆ. ಹೊಗೆ ಕಾಣಲಿಲ್ಲವೆಂದು ಅಪಾಯವಿಲ್ಲವೆಂದುಕೊಳ್ಳಬಾರದು. ಇಂಜಿನಿನಿಂದ ಹೊರಡುವ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷವಾಯುವಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ಪ್ರಾಣವನ್ನೇ ತೆಗೆಯಬಲ್ಲದು. ಆದಕಾರಣ ಹೊಗೆಯ ಪರೀಕ್ಷೆಯನ್ನು ಬಯಲಿನಲ್ಲಿಯೇ ಮಾಡತಕ್ಕದ್ದು, ಬಾಗಿಲು ಮುಚ್ಚಿದ ಷೆಡ್ಡಿನಲ್ಲಿ ಎಂದಿಗೂ ಕೂಡದು. ಗ್ಯಾರೇಜಿಗೆ ಹೋಗುವ ಮೊದಲು ಹೊಗೆಯ ಬಣ್ಣವೇನು, ಅದು ಬಂದದ್ದು ಯಾವಾಗ, ಎಷ್ಟು ಹೊತ್ತು ನಿಂತಿತು, ಎಣ್ಣೆಯೂ ನೀರೂ ಎಷ್ಟು ಇಳಿದವು ಎಂಬ ನಾಲ್ಕು ಸಂಗತಿಗಳನ್ನು ಕಾಗದದಲ್ಲಿ ಬರೆದುಕೊಂಡು ಹೋದರೆ ಮೇಸ್ತ್ರಿಯ ಶ್ರಮವೂ ಯಜಮಾನನ ಹಣವೂ ಉಳಿಯುತ್ತವೆ.

ಈ ವರ್ಷ ಅದೇ ಗಾಡಿಯಲ್ಲಿ ಮತ್ತೆ ಉಡುಪಿಗೆ ಹೋಗಿಬಂದೆವು. ಸೋಮೇಶ್ವರದ ಬಳಿ ಅತ್ತಿಗೆಯವರು ಹಿಂದಿರುಗಿ ನೋಡಿದರು. ದಾರಿ ಸ್ವಚ್ಛವಾಗಿ ಕಾಣುತ್ತಿತ್ತು.